ಒಂದು ಮಳೆಗಾಲ ಕಳೆಯಲಿ

ಕೇಳುಗರಿಗೆ ನಮಸ್ಕಾರ.

ಕಳೆದ ವಾರ ಮೈಸೂರಿನಿಂದ ನನ್ನ ಸೋದರಳಿಯ ಫೋನು ಮಾಡಿದ್ದ. ಅವನು ಎರಡು ವರ್ಷದಿಂದ ಕಣ್ಣಿಟ್ಟಿದ್ದ ಕಾರು ಹೊಸ ರೂಪದಲ್ಲಿ ಬಂದಿದೆಯಂತೆ. ಶೋರೂಮಿನವರು ದಿನಕ್ಕೆ ಎರಡು ಸಲ ಕರೆ ಮಾಡುತ್ತಿದ್ದಾರಂತೆ. "ಮಾವ, ಈಗಲೇ ಬುಕ್ ಮಾಡಿಬಿಡಲೇ, ಒಂದು ವರ್ಷ ಕಾಯಲೇ?" ಎಂದ. "ಒಂದು ಮಳೆಗಾಲ ಕಳೆಯಲಿ ಮಾರಾಯ" ಎಂಬ ಮಾತು ನನ್ನ ಬಾಯಿಂದ ತಟ್ಟನೆ ಬಂತು. ಅವನು ಕಾರಣ ಕೇಳಿದ. ಹೇಳುತ್ತ ಹೋದಂತೆ, ನನ್ನ ಕಾರಣಗಳಲ್ಲಿ ಅರ್ಧದಷ್ಟು ಟೊಳ್ಳು ಎಂದು ನನಗೇ ಗೊತ್ತಾಯಿತು. ಉಳಿದರ್ಧದ ಕಥೆ ಬೇರೆ.

ಕಾವಲಿಗೆ ಹೊಯ್ದ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಹಿಟ್ಟು ಕೆಟ್ಟಿರುತ್ತದೆಂದಲ್ಲ, ಕಾವು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಕಾರಿನ ಕಾರ್ಖಾನೆಯಲ್ಲೂ ಹೀಗೆ ಆಗುವುದುಂಟು. ಮಹೀಂದ್ರಾದ ಎರಡನೇ ಪೀಳಿಗೆಯ ಥಾರ್ 2020ರ ಅಕ್ಟೋಬರ್ 2ರಂದು ಬಿಡುಗಡೆಯಾಯಿತು. ನಾಲ್ಕೇ ತಿಂಗಳಲ್ಲಿ, 2021ರ ಫೆಬ್ರವರಿಯಲ್ಲಿ, 1,577 ಡೀಸೆಲ್ ಥಾರ್‌ಗಳನ್ನು ಕಂಪನಿ ವಾಪಸ್ ಕರೆಸಿತು. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಎಂಬ ದಂಡದಲ್ಲಿ ದೋಷವಿರಬಹುದೆಂಬ ಸಂಶಯ ಅದಕ್ಕೆ ಕಾರಣ. ಥಾರ್‌ನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಆ ದಂಡವನ್ನು ಮಾಡಿಕೊಡುವವರ ಕಾರ್ಖಾನೆಯಲ್ಲಿ ಯಂತ್ರವೊಂದರ ಹೊಂದಾಣಿಕೆ ತಪ್ಪಿತ್ತು. ಆ ಗಾಡಿಗಳೆಲ್ಲ 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರ ನಡುವೆ ತಯಾರಾದವು. ಅಪ್ಪಟ ಮೊದಲ ದೋಸೆಗಳು.

ಅಳಿಯನಿಗೆ ಇದನ್ನು ಹೇಳಿ ಗೆದ್ದೆನೆಂದುಕೊಂಡೆ. ಆದರೆ ನಾನು ತೆಗೆದ ಎರಡನೇ ಉದಾಹರಣೆಯೇ ನನಗೆ ತಿರುಗಿಬಿತ್ತು. ಮಾರುತಿಯ ಮೂರನೇ ಪೀಳಿಗೆಯ ಸ್ವಿಫ್ಟ್ ಬಂದದ್ದು 2018ರ ಫೆಬ್ರವರಿಯಲ್ಲಿ. ಮೇ ತಿಂಗಳಲ್ಲಿ 52,686 ಕಾರುಗಳನ್ನು ತಪಾಸಣೆಗೆ ಕರೆದರು. ಬ್ರೇಕ್ ಒತ್ತುವ ಕಾಲಿಗೆ ನೆರವಾಗುವ ನಿರ್ವಾತದ ಕೊಳವೆಯಲ್ಲಿ ದೋಷವಿರಬಹುದೆಂಬ ಶಂಕೆಯಿತ್ತು. ಇಲ್ಲಿಯವರೆಗೆ ಸರಿ. ಆದರೆ ಆ ಪಟ್ಟಿಯಲ್ಲಿ ಹೊಸ ಸ್ವಿಫ್ಟ್ ಜೊತೆಗೆ ಬಲೆನೊ ಕೂಡ ಇತ್ತು. ಬಲೆನೊ 2015ರಿಂದಲೇ ರಸ್ತೆಯಲ್ಲಿದ್ದ ಕಾರು. ಹೊಸದಕ್ಕೆ ಹೆದರಿ, ಎರಡು ವರ್ಷ ಪಳಗಿದ್ದನ್ನೇ ಕೊಳ್ಳೋಣ ಎಂದು 2018ರ ಆರಂಭದಲ್ಲಿ ಬಲೆನೊ ಮನೆಗೆ ತಂದ ಜಾಣರೂ ಅದೇ ಸರದಿಯಲ್ಲಿ ನಿಲ್ಲಬೇಕಾಯಿತು.

ಮಹೀಂದ್ರಾದ ಎಕ್ಸ್‌ಯುವಿ700 ಕಥೆ ಇನ್ನೂ ಸ್ವಾರಸ್ಯಕರ. 2021ರ ಅಕ್ಟೋಬರ್ 7ರಂದು ಬುಕಿಂಗ್ ತೆರೆದಾಗ ಮೊದಲ 25,000 ಗ್ರಾಹಕರಿಗೆ ಆರಂಭಿಕ ಬೆಲೆ ಎಂದಿದ್ದರು. ಆ ಇಪ್ಪತ್ತೈದು ಸಾವಿರ 57 ನಿಮಿಷದಲ್ಲಿ ಮುಗಿಯಿತು. ನಂತರ ಬಂದವರಿಗೆ ಬೆಲೆ ಏರಿತ್ತು. ಮೊದಲ ದೋಸೆಯನ್ನು ರಿಯಾಯಿತಿಯಲ್ಲಿ ಮಾರುವ ಹೋಟೆಲನ್ನು ನಾನು ಎಲ್ಲೂ ಕಂಡಿಲ್ಲ, ಕಾರಿನವರು ಮಾರುತ್ತಾರೆ. 2023ರ ಆಗಸ್ಟ್‌ನಲ್ಲಿ ಎಂಜಿನ್ ಕೋಣೆಯ ವೈರಿಂಗ್ ಉಜ್ಜಿ ಸವೆಯಬಹುದೆಂದು 1,08,306 ಎಕ್ಸ್‌ಯುವಿ700 ಗಾಡಿಗಳನ್ನು ಪರೀಕ್ಷೆಗೆ ಕರೆದರು. ಅವು 2021ರ ಜೂನ್‌ನಿಂದ 2023ರ ಜೂನ್‌ವರೆಗೆ, ಅಂದರೆ ಎರಡು ವರ್ಷಗಳಲ್ಲಿ, ತಯಾರಾದ ಗಾಡಿಗಳು. ಗಡಿಯಾರ ನೋಡಿಕೊಂಡು ಬುಕ್ ಮಾಡಿದವರೂ ಬಂದರು, ನನ್ನಂಥವರ ಮಾತು ಕೇಳಿ ಒಂದು ವರ್ಷ ಕಾದು, ಹೆಚ್ಚು ಹಣ ತೆತ್ತವರೂ ಬಂದರು.

ಹಾಗಾದರೆ ಕಾಯುವುದು ಏತಕ್ಕೆ? ಅಳಿಯನೂ ಇದನ್ನೇ ಕೇಳಿದ.

ನೋಡಿ, ಮಾರಿದ ಗಾಡಿಯನ್ನು ಕಂಪನಿ ಹೀಗೆ ವಾಪಸ್ ಕರೆಸುವ ರೀಕಾಲ್ ಎಂಬುದಕ್ಕೆ ನಾವು ಸಲ್ಲದಷ್ಟು ಹೆದರುತ್ತೇವೆ. 2012ರಲ್ಲಿ ವಾಹನ ತಯಾರಕರ ಸಂಘ ಇದಕ್ಕೆಂದೇ ಸ್ವಯಂಪ್ರೇರಿತ ನಿಯಮವೊಂದನ್ನು ತಂದಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅದಕ್ಕೆ ಕಾನೂನಿನ ಬಲವೂ ಬಂದಿದೆ. ಪತ್ರ ಬರುತ್ತದೆ, ಗಾಡಿ ಕೊಂಡೊಯ್ಯುತ್ತೀರಿ, ದುಡ್ಡು ಪಡೆಯದೆ ಸರಿಪಡಿಸಿ ಕಳಿಸುತ್ತಾರೆ. ರೀಕಾಲ್ ಪಟ್ಟಿಗೆ ಎಂದೂ ಸೇರದ ಚಿಲ್ಲರೆ ಕಾಯಿಲೆಗಳಿವೆಯಲ್ಲ, ಮನುಷ್ಯನನ್ನು ಹಣ್ಣುಗಾಯಿ ನೀರುಗಾಯಿ ಮಾಡುವುದು ಅವು.

ನಾನು ಒಮ್ಮೆ ಹೊಸ ಮಾದರಿಯ ಕಾರೊಂದನ್ನು ಅದು ಬಂದ ಎರಡನೇ ತಿಂಗಳಲ್ಲೇ ಕೊಂಡಿದ್ದೆ. ಯಾವ ಕಂಪನಿ ಎಂಬುದು ಬೇಡ. ಆಗ ನಾವು ತೀರ್ಥಹಳ್ಳಿಯಲ್ಲಿದ್ದೆವು. ಜೂನ್ ತನಕ ಕಾರು ಚಿನ್ನದಂತಿತ್ತು. ಮಳೆ ಹಿಡಿದ ನಾಲ್ಕನೇ ದಿನ ಎಡಗಡೆ ಮುಂದಿನ ಸೀಟಿನ ಕೆಳಗಿನ ಮ್ಯಾಟು ತೊಪ್ಪೆಯಾಗಿತ್ತು. ನನ್ನ ಹೆಂಡತಿಯ ಕಾಲು ಇಡುವ ಜಾಗ ಅದು, ಆದ್ದರಿಂದ ದೂರು ಮೊದಲು ನನ್ನ ಮೇಲೇ ದಾಖಲಾಯಿತು. ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಹೋದೆ. "ಬೇರೆ ಯಾರೂ ಹೀಗೆ ಹೇಳಿಲ್ಲ ಸಾರ್" ಎಂದರು. ಅದು ನಿಜವೇ, ಬೇರೆ ಯಾರ ಬಳಿಯೂ ಆ ಕಾರು ಇರಲಿಲ್ಲ! ಬಾಗಿಲು ಬಿಚ್ಚಿದರು, ನೀರು ಹೊಡೆದು ನೋಡಿದರು, ಏನೋ ಅಂಟು ಹಚ್ಚಿದರು. ಮೂರು ಸಲ ಹೋಗಿ ಬಂದೆ. ನಾಲ್ಕನೇ ಸಲ, ದೀಪಾವಳಿ ಕಳೆದ ಮೇಲೆ, ಬಾಗಿಲಿನ ರಬ್ಬರ್ ಬೀಡಿಂಗನ್ನೇ ಬದಲಿಸಿದರು. ಹೊಸ ಬೀಡಿಂಗ್ ಹಳೆಯದಕ್ಕಿಂತ ಒಂದು ಕೂದಲೆಳೆ ದಪ್ಪಗಿತ್ತು, ಅದರ ನಂಬರಿನ ಕೊನೆಯ ಅಕ್ಷರವೂ ಬೇರೆಯಾಗಿತ್ತು. ಅಂದರೆ ಎಲ್ಲೋ ಯಾರೋ ತಪ್ಪು ಕಂಡುಹಿಡಿದು, ಸದ್ದಿಲ್ಲದೆ ತಿದ್ದಿದ್ದರು. ಅದಕ್ಕೆ ಪತ್ರಿಕಾ ಪ್ರಕಟಣೆ ಇಲ್ಲ, ಪತ್ರವೂ ಇಲ್ಲ. ಮುಂದಿನ ವರ್ಷ ಅದೇ ಕಾರು ಕೊಂಡ ನಮ್ಮ ಪಕ್ಕದ ಮನೆಯವರಿಗೆ ಮ್ಯಾಟು ಒಣಗಿಸುವ ಯೋಗವೇ ಬರಲಿಲ್ಲ.

ಒಂದು ವರ್ಷ ಕಾದವರಿಗೆ ಸಿಗುವುದು ಇಂಥ ಮದ್ದು. ಡ್ಯಾಶ್‌ಬೋರ್ಡಿನ ಕಿರಿಕಿರಿ, ನಡುದಾರಿಯಲ್ಲಿ ಕಪ್ಪಾಗುವ ಪರದೆ, ಎಡವುವ ಗೇರು, ಎಲ್ಲವೂ ಮೊದಲ ಗ್ರಾಹಕರ ಬೈಗುಳದಿಂದಲೇ ಗುಣವಾಗುವಂಥವು. ಊರ ಮೆಕ್ಯಾನಿಕ್ಕಿನ ಕೈಗೂ ಆ ಹೊತ್ತಿಗೆ ಗಾಡಿಯ ಪರಿಚಯವಾಗಿರುತ್ತದೆ. ಬಂಪರ್ ಒಡೆದರೆ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುವ ಕರ್ಮ ಕಡಿಮೆಯಾಗುತ್ತದೆ. ಕೆಲವೊಮ್ಮೆ ತಿದ್ದುಪಡಿ ಬೀಡಿಂಗಿನಷ್ಟು ಚಿಕ್ಕದಾಗಿರುವುದಿಲ್ಲ. 1998ರಲ್ಲಿ ಟಾಟಾ ಇಂಡಿಕಾ ಬಂದಾಗ ಒಂದು ಲಕ್ಷಕ್ಕೂ ಹೆಚ್ಚು ಜನ ಮುಗಿಬಿದ್ದು ಬುಕ್ ಮಾಡಿದರು. ಹೇಳಿದಷ್ಟು ಶಕ್ತಿ ಇಲ್ಲ, ಮೈಲೇಜ್ ಇಲ್ಲ ಎಂದು ಮೊದಲು ಕೊಂಡವರು ಗೊಣಗಿದರು. ಕಂಪನಿ ಒಳಗಿನದ್ದನ್ನೆಲ್ಲ ಮತ್ತೆ ತಿದ್ದಿ 2001ರಲ್ಲಿ ಇಂಡಿಕಾ ವಿ2 ತಂದಿತು. ಆ ಕಾರು ಟ್ಯಾಕ್ಸಿಯಾಗಿ ಊರೂರು ಸುತ್ತಿತು. ಮೊದಲ ಇಂಡಿಕಾ ಕೊಂಡವರ ಗೊಣಗಾಟ ವಿ2 ಕೊಂಡವರಿಗೆ ಫಲ ಕೊಟ್ಟಿತು. ಇದು ನ್ಯಾಯವಲ್ಲ, ಆದರೆ ನಡೆದದ್ದು ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯನನ್ನು ಒಂದು ಪ್ರಶ್ನೆ ಕೇಳಿದೆ. "ನಿನ್ನ ಕಾರಿನಲ್ಲಿ ನಿಜವಾಗಿ ಹೊಸದು ಏನಿದೆ?" ಶೋರೂಮಿನಲ್ಲಿ ಎಲ್ಲವೂ ಹೊಸದೇ. ದೀಪ, ಗ್ರಿಲ್ ಬದಲಾದರೂ ಹೊಸದು, ಎಂಜಿನ್ ಬದಲಾದರೂ ಹೊಸದು. 2018ರ ಸ್ವಿಫ್ಟ್‌ಗೆ ಮೈಕಟ್ಟು ಹೊಸದಾಗಿತ್ತು, ಎಂಜಿನ್ ಮಾತ್ರ ಹಳೆಯ ಸ್ವಿಫ್ಟ್‌ನಿಂದ ಬಂದದ್ದು. 2024ರ ಸ್ವಿಫ್ಟ್‌ನಲ್ಲಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಮೂರು ಸಿಲಿಂಡರಿನ ಹೊಸ ಎಂಜಿನ್ ಬಂತು. ಹೆಸರು ಒಂದೇ ಆದರೂ ಇವೆರಡಕ್ಕೂ ಒಂದೇ ಅಳತೆಗೋಲು ಹಿಡಿಯಬಾರದು. ಎಂಜಿನ್ ಮತ್ತು ಗೇರ್‌ಬಾಕ್ಸ್ ಹಳೆಯವಾಗಿದ್ದರೆ ನಾನು ಮೂರು ತಿಂಗಳು ಕಾದು ಕೊಂಡೇನು. ಅವೂ ಹೊಸದಾಗಿದ್ದರೆ ಒಂದು ಮಳೆಗಾಲ ಕಾಯಲೇಬೇಕು. ಮನೆಯಲ್ಲಿ ಇನ್ನೊಂದು ಕಾರಿದ್ದು, ಸರ್ವೀಸ್ ಕೇಂದ್ರ ಮೂರು ಬೀದಿಯಾಚೆ ಇರುವವರು ನನ್ನ ಮಾತನ್ನು ಧಾರಾಳವಾಗಿ ತಳ್ಳಿಹಾಕಬಹುದು.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಮಾವ, ಎಂಜಿನ್ ಹೊಸದೇ. ಆದರೆ ಈಗ ಬುಕ್ ಮಾಡಿದರೂ ಗಾಡಿ ಕೈಗೆ ಬರಲು ಹತ್ತು ತಿಂಗಳಾಗುತ್ತದೆಯಂತೆ. ಅಷ್ಟರಲ್ಲಿ ಮಳೆಗಾಲ ಮುಗಿದಿರುವುದಿಲ್ಲವೇ?"

ಇದು ನನಗೆ ಹೊಳೆದಿರಲಿಲ್ಲ. ಸರದಿಯಲ್ಲಿ ಅವನ ಮುಂದಿರುವವರ ಮ್ಯಾಟುಗಳೆಲ್ಲ ಅಷ್ಟರಲ್ಲಿ ನೆನೆದು ಒಣಗಿರುತ್ತವೆ. ಬುಕ್ ಮಾಡು ಎಂದೆ. ಗಾಡಿ ಬಂದ ದಿನ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವ ಮೊದಲು, ಅದು ತಯಾರಾದ ತಿಂಗಳು ಯಾವುದೆಂದು ನೋಡಿ ನನಗೆ ತಿಳಿಸಬೇಕೆಂದೂ ಹೇಳಿದ್ದೇನೆ.

ನಮಸ್ಕಾರ.