ಗೊಂಬೆಯ ಅಡುಗೆಮನೆಯಿಂದ ಹೊರಟ ರೈಲು

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ಆಟಿಕೆ ಕಂಪನಿ ಮ್ಯಾರ್ಕ್ಲಿನ್ ಎಂದೊಡನೆ ಆಟಿಕೆ ರೈಲುಗಳ ಅಭಿಮಾನಿಗಳ ಕಣ್ಣು ಅರಳುತ್ತದೆ. ಆ ರೈಲಿನ ಹಿಂದೆ ಒಬ್ಬ ಹೆಣ್ಣುಮಗಳ ದುಡಿಮೆ ಇದೆ. ಇಂದು ಅವರ ವಿಷಯ ಹೇಳಲೇಬೇಕು.

ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಗ್ಯೋಪಿಂಗೆನ್ ಎಂಬ ಊರಿದೆ. 1847ರಲ್ಲೇ ಅಲ್ಲಿಗೆ ನಿಜವಾದ ರೈಲು ಬಂದಿತ್ತು. ಆದರೆ ತಗಡಿನ ಕೆಲಸಗಾರ ಥಿಯೊಡೋರ್ ಮ್ಯಾರ್ಕ್ಲಿನ್ 1859ರಲ್ಲಿ ಮಾಡಲು ತೊಡಗಿದ್ದು ರೈಲನ್ನಲ್ಲ, ಗೊಂಬೆಯ ಅಡುಗೆಮನೆಗೆ ಬೇಕಾದ ಪುಟ್ಟ ಪುಟ್ಟ ಪಾತ್ರೆಗಳನ್ನು. ಅವನ್ನು ಮಾರುವ ಹೊಣೆ ಹೆಂಡತಿ ಕ್ಯಾರೊಲಿನ್ ಅವರದು. ಹೆಂಗಸರು ವ್ಯಾಪಾರಕ್ಕೆಂದು ಒಂಟಿಯಾಗಿ ತಿರುಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ದಕ್ಷಿಣ ಜರ್ಮನಿ, ಸ್ವಿಟ್ಜರ್ಲೆಂಡ್ ಸುತ್ತಿ ಆರ್ಡರ್ ತರುತ್ತಿದ್ದರು. 1866ರಲ್ಲಿ ಗಂಡ ಅಪಘಾತದಲ್ಲಿ ತೀರಿಕೊಂಡರು. ಮಕ್ಕಳಿನ್ನೂ ಚಿಕ್ಕವರು. ಕ್ಯಾರೊಲಿನ್ ಕಾರ್ಖಾನೆಯ ಬಾಗಿಲು ಮುಚ್ಚಲಿಲ್ಲ. ಎರಡು ದಶಕ ಅದನ್ನು ಉಳಿಸಿಕೊಂಡರು. 1888ರಲ್ಲಿ ಮಗ ಯೂಜೆನ್ ಮತ್ತು ಆತನ ಸಹೋದರ ಅದನ್ನು ವಹಿಸಿಕೊಂಡರು.

1891ರಲ್ಲಿ ಲೈಪ್ಜಿಗ್ ಮೇಳದಲ್ಲಿ ಇವರ ಕೀಲಿ ಕೊಡುವ ರೈಲು ಎಂಟರ ಆಕಾರದ ಹಳಿಯ ಮೇಲೆ ಓಡಿತು. ತಗಡಿನ ರೈಲು ಅದಕ್ಕೂ ಮೊದಲೇ ಇತ್ತು. ಹೊಸತೆಂದರೆ ಗೇಜಿಗೆ, ಅಂದರೆ ಎರಡು ಹಳಿಗಳ ನಡುವಿನ ಅಂತರಕ್ಕೆ, ನಿಗದಿಯಾದ ಅಳತೆ, ಆ ಅಳತೆಗಳಿಗೆ ಕೊಟ್ಟ ನಂಬರು. ಈ ವರ್ಷ ಒಂದು ಎಂಜಿನ್, ಎರಡು ಬೋಗಿ, ಒಂದು ಸುತ್ತು ಹಳಿ ಕೊಂಡರೆ ಸಾಕು. ಮುಂದಿನ ಕ್ರಿಸ್‌ಮಸ್‌ಗೆ ಸ್ಟೇಷನ್ನು, ಸಿಗ್ನಲ್ಲು, ಸುರಂಗ ತಂದು ಅದಕ್ಕೇ ಜೋಡಿಸಬಹುದು. ಗೊಂಬೆಮನೆಯ ಸಾಮಾನು ಮಾರಿದ ಅನುಭವವೇ ಇಲ್ಲಿ ಕೈಹಿಡಿಯಿತು: ಮನೆಯನ್ನು ಒಮ್ಮೆ ಕೊಂಡವರು ಒಲೆಗೆ, ಬಾಣಲೆಗೆ, ಕುರ್ಚಿಗೆ ಮತ್ತೆ ಮತ್ತೆ ಅಂಗಡಿಗೆ ಬರುತ್ತಿದ್ದರು. ನನ್ನ ಮಟ್ಟಿಗೆ ಮ್ಯಾರ್ಕ್ಲಿನ್‌ನ ದೊಡ್ಡ ಸಾಧನೆ ಎಂಜಿನ್ನಿಗಿಂತ ಈ ಜೋಡಣೆಯ ಯೋಚನೆಯೇ.

ಆ ನಂಬರುಗಳನ್ನು ಬೇರೆ ತಯಾರಕರೂ ಒಪ್ಪಿಕೊಂಡರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ರೈಲು ಮಾರಲು ಹೊರಟಾಗ ಆರಿಸಿಕೊಂಡದ್ದು ಸೊನ್ನೆ ಗೇಜನ್ನು, ಅಂದರೆ 32 ಮಿಲಿಮೀಟರ್ ಹಳಿಯನ್ನು. ಮನೆಯಂಗಳದ ತೋಟಗಳಲ್ಲಿ ಇಂದು ಓಡುವ ಎಷ್ಟೋ ಆಟಿಕೆ ರೈಲುಗಳ ಹಳಿ 45 ಮಿಲಿಮೀಟರ್. ಅದು ಮ್ಯಾರ್ಕ್ಲಿನ್‌ನ ಒಂದನೇ ನಂಬರಿನ ಗೇಜು.