ಸ್ಟಾರ್ ಎಷ್ಟು ಅನ್ನೋದಲ್ಲ, ಯಾಕೆ ಅನ್ನೋದನ್ನ ಓದಿ: ಹೊಸ ಸಿನಿಮಾ, ವಿಮರ್ಶಕರ ಮಾತು ಮತ್ತು ನಮ್ಮ ಟಿಕೆಟ್

[ತೆರೆಯ ಮೇಲೆ: ಫೋನಿನಲ್ಲಿ ಟಿಕೆಟ್ ಬುಕ್ ಮಾಡುತ್ತಿರುವ ಕೈ]

ನಮಸ್ಕಾರ.

ಒಂದು ಭಾನುವಾರ ಅಪ್ಪ ಅಮ್ಮ ಇಬ್ಬರನ್ನೂ ಸಿನಿಮಾಗೆ ಕರೆದುಕೊಂಡು ಹೋಗಿದ್ದೆ. ಯಾವ ಸಿನಿಮಾ ಅನ್ನೋದು ಇಲ್ಲಿ ಬೇಡ. ಫೋನಿನಲ್ಲಿ ವಿಮರ್ಶೆ ತೆಗೆದೆ. ಐದಕ್ಕೆ ನಾಲ್ಕು ಸ್ಟಾರ್ ಇತ್ತು. ಸಾಕು ಅಂದುಕೊಂಡು ಮೂರು ಟಿಕೆಟ್ ಬುಕ್ ಮಾಡಿದೆ. ಇಂಟರ್‌ವಲ್ ಬರುವ ಹೊತ್ತಿಗೆ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದರು. ತೆರೆಯ ತುಂಬಾ ಮಚ್ಚು, ರಕ್ತ. ಅಪ್ಪ ಏನೂ ಅನ್ನಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲೂ ಏನೂ ಮಾತಾಡಲಿಲ್ಲ.

ರಾತ್ರಿ ಅದೇ ವಿಮರ್ಶೆಯನ್ನು ಪೂರ್ತಿ ಓದಿದೆ. ಮೂರನೇ ಪ್ಯಾರಾದಲ್ಲೇ ಇತ್ತು. ಹಿಂಸೆ ವಿಪರೀತ, ಮನೆಮಂದಿಯ ಜೊತೆ ಕೂತು ನೋಡೋದು ಕಷ್ಟ ಅಂತ ಸ್ಪಷ್ಟವಾಗಿ ಬರೆದಿದ್ದರು. ವಿಮರ್ಶಕರು ತಮ್ಮ ಕೆಲಸ ಮಾಡಿದ್ದರು. ಓದದೇ ಇದ್ದವನು ನಾನು.

ಅವತ್ತಿನಿಂದ ಸ್ಟಾರ್ ನೋಡಿ ಟಿಕೆಟ್ ತೆಗೆಯೋದು ಬಿಟ್ಟೆ. ವಿಮರ್ಶಕರು ಸಿನಿಮಾ ಚೆನ್ನಾಗಿದೆ ಅಂದರಾ, ಇಲ್ಲ ಅಂದರಾ ಅನ್ನೋದಕ್ಕಿಂತ, ಯಾಕೆ ಹಾಗಂದರು ಅನ್ನೋದೇ ನಮಗೆ ಬೇಕಾದ ಮಾಹಿತಿ. ಇತ್ತೀಚೆಗೆ ಬಂದ ಕೆಲವು ಕನ್ನಡ ಸಿನಿಮಾಗಳನ್ನೇ ಇಟ್ಟುಕೊಂಡು ಇದನ್ನು ನೋಡೋಣ. ಒಂದು ಪ್ರೇಮಕಥೆ, ಒಂದು ದೊಡ್ಡ ಬಜೆಟ್ಟಿನ ಸಿನಿಮಾ, ಒಂದು ವಿಚಿತ್ರ ಪ್ರಯೋಗ, ಒಂದು ಥ್ರಿಲ್ಲರ್, ಒಂದು ದೆವ್ವದ ಕಾಮಿಡಿ.

[ತೆರೆಯ ಮೇಲೆ: "ಒಮ್ಮೆ ನೋಡಬಹುದು"]

ಮೊದಲು ಭಾಷೆಯ ವಿಷಯ. ಕನ್ನಡ ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಮಾತುಗಳಿವೆ. "ಒಮ್ಮೆ ನೋಡಬಹುದು." "ಕತ್ತರಿಗೆ ಇನ್ನಷ್ಟು ಕೆಲಸ ಕೊಡಬಹುದಿತ್ತು." "ಅಭಿಮಾನಿಗಳಿಗೆ ಹಬ್ಬ." "ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ." ಇವನ್ನು ಓದಿ ಓದಿ ಈಗ ಇದರ ಒಳಗಿನ ಅರ್ಥವೂ ನಮಗೆ ಗೊತ್ತಾಗುತ್ತದೆ. ಕತ್ತರಿಯ ಮಾತು ಬಂತು ಅಂದರೆ ಸಿನಿಮಾ ಉದ್ದ ಆಗಿದೆ, ಎರಡನೇ ಅರ್ಧ ಎಳೆಯುತ್ತದೆ. ಅಭಿಮಾನಿಗಳಿಗೆ ಹಬ್ಬ ಅಂದರೆ ಆ ಹೀರೋ ಇಷ್ಟವಿಲ್ಲದವರು ಸ್ವಲ್ಪ ಯೋಚಿಸಿ ಹೋಗಬೇಕು. ನನಗೆ ಬೇಸರ ತರುವುದು "ನ್ಯಾಯ ಒದಗಿಸಿದ್ದಾರೆ" ಅನ್ನೋ ಸಾಲು. ಒಬ್ಬ ನಟಿ ಒಂದು ದೃಶ್ಯದಲ್ಲಿ ಏನು ಮಾಡಿದರು, ದನಿ ಎಲ್ಲಿ ತಗ್ಗಿಸಿದರು, ಎಲ್ಲಿ ಸುಮ್ಮನಾದರು ಅಂತ ಎರಡು ಸಾಲು ಬರೆದರೆ ಅದು ನಟನೆಗೆ ಕೊಟ್ಟ ಮರ್ಯಾದೆ. ಅಂಥ ಎರಡು ಸಾಲು ಎಲ್ಲಿ ಸಿಗುತ್ತದೋ ಆ ವಿಮರ್ಶಕರನ್ನು ಬಿಡದೆ ಓದಿ.

[ತೆರೆಯ ಮೇಲೆ: ನೀಲಿ ಬಣ್ಣ, ನಿಧಾನವಾಗಿ ಕೆಂಪಾಗುತ್ತದೆ]

ಈಗ ಪ್ರೇಮಕಥೆ. ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ'. ಸೈಡ್ ಎ ಬಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ. ಸೈಡ್ ಬಿ ನವೆಂಬರ್ 17ಕ್ಕೆ. ಎರಡೂವರೆ ತಿಂಗಳ ಅಂತರ. ಅದೇ ನಿರ್ದೇಶಕ, ಅದೇ ರಕ್ಷಿತ್ ಶೆಟ್ಟಿ, ಅದೇ ರುಕ್ಮಿಣಿ ವಸಂತ್, ಚರಣ್ ರಾಜ್ ಅವರದೇ ಸಂಗೀತ. ಆದರೆ ವಿಮರ್ಶಕರ ಮಾತು ಎರಡು ಸಲಕ್ಕೂ ಒಂದೇ ಥರ ಇರಲಿಲ್ಲ.

ಸೈಡ್ ಎ ಬಂದಾಗ ಬಹಳಷ್ಟು ಜನ ಮನಸಾರೆ ಮೆಚ್ಚಿ ಬರೆದರು. ಮನು, ಪ್ರಿಯಾ ಅನ್ನೋ ಇಬ್ಬರು. ಸ್ವಂತ ಮನೆಯ ಕನಸು. ಬೇರೆಯವರು ಮಾಡಿದ ಆಕ್ಸಿಡೆಂಟನ್ನು ಮನು ತನ್ನ ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗುತ್ತಾನೆ. ಕಥೆ ನಿಧಾನ. ಕೆಲವರು ಆ ನಿಧಾನವನ್ನು ಸಿನಿಮಾದ ಉಸಿರು ಅಂದರು, ಕೆಲವರು ಅದೇ ಭಾರ ಅಂದರು. ಗಮನಿಸಿ, ಇಬ್ಬರೂ ಒಂದೇ ಸಂಗತಿ ಹೇಳುತ್ತಿದ್ದಾರೆ. ಸಿನಿಮಾ ನಿಧಾನ ಅಂತ ನಮಗೆ ಗೊತ್ತಾಯಿತು. ಅದು ನಮಗೆ ಹಿಡಿಸುತ್ತದಾ ಇಲ್ಲವಾ ಅನ್ನೋದು ನಮಗೆ ಬಿಟ್ಟಿದ್ದು.

ಸೈಡ್ ಬಿ ಬಂದಾಗ ಚರ್ಚೆ ಬೇರೆ ಕಡೆ ತಿರುಗಿತು. ಜೈಲಿನಿಂದ ಹೊರಗೆ ಬಂದ ಮನು, ಬೇರೆ ಮದುವೆಯಾಗಿರುವ ಪ್ರಿಯಾಳನ್ನು ದೂರದಿಂದ ಹಿಂಬಾಲಿಸುತ್ತಾನೆ. ಇದು ಪ್ರೀತಿಯೋ, ಗೀಳೋ? ಸಿನಿಮಾ ಅವನ ಪರ ನಿಂತಿದೆಯೋ, ಅವನನ್ನು ತೋರಿಸುತ್ತಿದೆಯೋ? ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರಕ್ಕೆ ಸಿಗಬೇಕಾದ ಜಾಗ ಸಿಕ್ಕಿತಾ? ಈ ಪ್ರಶ್ನೆಗಳು ವಿಮರ್ಶೆಯಲ್ಲಿ ಬಂದಾಗ ಅಭಿಮಾನಿಗಳಿಗೆ ಸಿಟ್ಟು ಬಂತು. ನನಗೆ ಮಾತ್ರ ತುಂಬಾ ಉಪಕಾರ ಆಯಿತು. ನಾನು ಸಿನಿಮಾ ನೋಡಿ ಅತ್ತಿದ್ದೆ. ಆಮೇಲೆ ಆ ಬರಹಗಳನ್ನು ಓದಿದಾಗ, ಪ್ರಿಯಾಳ ಜಾಗದಲ್ಲಿ ನಿಂತು ನಾನು ಒಂದು ಸಲವೂ ಯೋಚಿಸಿರಲಿಲ್ಲ ಅಂತ ಗೊತ್ತಾಯಿತು. ಎರಡನೇ ಸಲ ನೋಡಿದಾಗ ಆ ಸಿನಿಮಾ ನನಗೆ ಬೇರೆಯಾಗಿ ಕಂಡಿತು. ಸಿನಿಮಾ ನೋಡಿ ಬಂದ ಮೇಲೂ ವಿಮರ್ಶೆ ಓದಿ ಅಂತ ನಾನು ಹೇಳುವುದು ಇದಕ್ಕೇ.

[ತೆರೆಯ ಮೇಲೆ: ಕಾಡು, ಪಂಜಿನ ಬೆಳಕು]

ದೊಡ್ಡ ಸಿನಿಮಾಗಳಿಗೆ ಬೇರೆ ಅಳತೆಗೋಲು ಬೇಕು. 'ಕಾಂತಾರ ಚಾಪ್ಟರ್ 1' 2025ರ ಅಕ್ಟೋಬರ್ 2ಕ್ಕೆ ಬಂತು. ಕಥೆ ಕದಂಬರ ಕಾಲಕ್ಕೆ ಹೋಗುತ್ತದೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ, ಅಜನೀಶ್ ಲೋಕನಾಥ್ ಅವರ ಸಂಗೀತ, ರಿಷಬ್ ಶೆಟ್ಟಿ ಅವರ ಮೈಮೇಲೆ ಬಂದಂಥ ನಟನೆ, ಕೊನೆಯ ಭಾಗದ ಅಬ್ಬರ, ಇವನ್ನು ಹೊಗಳದ ವಿಮರ್ಶೆ ಕಡಿಮೆ. ಮೊದಲರ್ಧ ಚೆದುರಿದೆ, ತಮಾಷೆ ಕೆಲವು ಕಡೆ ಹೊಂದುವುದಿಲ್ಲ ಅನ್ನೋ ಮಾತೂ ಜಾಸ್ತಿ ಬಂತು. ಇಂಥ ವಿಮರ್ಶೆ ಓದಿದರೆ ನನಗೆ ತಕ್ಷಣ ಹೊಳೆಯುವುದು ಇಷ್ಟೇ: ಇದನ್ನು ದೊಡ್ಡ ತೆರೆಯಲ್ಲಿ, ಒಳ್ಳೆ ಸೌಂಡ್ ಇರುವ ಕಡೆ ನೋಡಬೇಕು, ಮನೆಯ ಟಿವಿಗೆ ಕಾಯಬಾರದು. ಮೊದಲರ್ಧದಲ್ಲಿ ಸ್ವಲ್ಪ ತಾಳ್ಮೆ ಇರಲಿ.

2024ರ ಕ್ರಿಸ್‌ಮಸ್‌ಗೆ ಬಂದ ಸುದೀಪ್ ಅವರ 'ಮ್ಯಾಕ್ಸ್' ಒಂದೇ ರಾತ್ರಿಯ ಕಥೆ. ವೇಗಕ್ಕೆ ಮೆಚ್ಚುಗೆ, ಲಾಜಿಕ್‌ಗೆ ಪ್ರಶ್ನೆ. ಓಡುವ ಸಿನಿಮಾ ಬೇಕು ಅನ್ನುವವರಿಗೆ ಅಷ್ಟು ತಿಳಿದರೆ ಸಾಕು.

ಅದೇ ಡಿಸೆಂಬರ್ 20ಕ್ಕೆ ಉಪೇಂದ್ರ ಅವರ 'ಯುಐ' ಬಂದಿತ್ತು. ಇದರ ಬಗ್ಗೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಈ ಸಿನಿಮಾದ ಒಳಗೇ ಒಬ್ಬ ವಿಮರ್ಶಕ ಇದ್ದಾನೆ. ಮುರಳಿ ಶರ್ಮಾ ಆ ಪಾತ್ರ ಮಾಡಿದ್ದಾರೆ. ಅವನು ಸಿನಿಮಾ ನೋಡುತ್ತಾನೆ, ವಿಮರ್ಶೆ ಬರೆಯಲು ಕೂರುತ್ತಾನೆ, ಬರೆಯಲು ಆಗುವುದಿಲ್ಲ. ಕೊನೆಗೆ ಕಥೆ ಹುಡುಕಿಕೊಂಡು ನಿರ್ದೇಶಕನ ಮನೆಗೇ ಹೋಗುತ್ತಾನೆ. ಹೊರಗಿನ ನಿಜವಾದ ವಿಮರ್ಶಕರೂ ಎರಡು ಗುಂಪಾದರು. ಜಾತಿ, ಅಧಿಕಾರ, ನಮ್ಮ ಗಮನ ತಪ್ಪಿಸುವ ಗದ್ದಲ ಎಲ್ಲವನ್ನೂ ಒಂದೇ ಸಿನಿಮಾದಲ್ಲಿ ಹೇಳಲು ಹೊರಟ ಧೈರ್ಯಕ್ಕೆ ಕೆಲವರು ಕೈ ಮುಗಿದರು. ಸಂದೇಶ ಜಾಸ್ತಿ, ಕಥೆ ಕಡಿಮೆ ಅಂತ ಇನ್ನು ಕೆಲವರು ಬರೆದರು. ನಾನು ಎರಡನೇ ಗುಂಪಿನ ಹತ್ತಿರ ಇದ್ದೇನೆ. ಆದರೂ ಇಂಥ ಸಿನಿಮಾ ಬಂದಾಗ ಒಬ್ಬರ ವಿಮರ್ಶೆ ಸಾಲದು. ಮೆಚ್ಚಿದವರದು ಒಂದು, ಮೆಚ್ಚದವರದು ಒಂದು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ನಡುವೆ ಎಲ್ಲೋ ನಿಮ್ಮ ಸಿನಿಮಾ ಸಿಗುತ್ತದೆ.

[ತೆರೆಯ ಮೇಲೆ: 100%]

ಪರ್ಸೆಂಟ್ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನಲ್ಲಿ ಕಾಣುವ ಶೇಕಡಾ ಅಂಕ ಸಿನಿಮಾಗೆ ಬಂದ ಮಾರ್ಕ್ಸ್ ಅಲ್ಲ. ಎಷ್ಟು ವಿಮರ್ಶಕರು ಒಟ್ಟಾರೆ ಒಪ್ಪಿದರು ಅನ್ನೋ ಎಣಿಕೆ. ಹತ್ತು ಜನರೂ "ಪರವಾಗಿಲ್ಲ, ನೋಡಬಹುದು" ಅಂದರೆ ಅಲ್ಲಿ 100 ತೋರಿಸುತ್ತದೆ. ಆರು ಜನ "ಇಂಥ ಸಿನಿಮಾ ನೋಡೇ ಇಲ್ಲ" ಅಂತ ಕುಣಿದಾಡಿ, ನಾಲ್ಕು ಜನ ಬೇಡ ಅಂದರೆ 60 ತೋರಿಸುತ್ತದೆ. ನಾನಾದರೆ ಆ 60ರ ಸಿನಿಮಾಗೆ ಹೋಗುತ್ತೇನೆ. ಇನ್ನು ಐಎಂಡಿಬಿ, ಬುಕ್‌ಮೈಶೋ ರೇಟಿಂಗ್ ನಮ್ಮ ನಿಮ್ಮಂಥ ಪ್ರೇಕ್ಷಕರು ಒತ್ತಿದ ಅಂಕ. ಅದಕ್ಕೂ ವಿಮರ್ಶಕರಿಗೂ ಸಂಬಂಧ ಇಲ್ಲ.

[ತೆರೆಯ ಮೇಲೆ: ಥಿಯೇಟರ್ ಗೇಟು, ಸಾಲು ಸಾಲು ಮೈಕ್]

ಮೊದಲೆಲ್ಲ ಶುಕ್ರವಾರ ಸಿನಿಮಾ, ಆಮೇಲೆ ಪೇಪರ್‌ನಲ್ಲಿ ವಿಮರ್ಶೆ. ಬರೆಯುವವರಿಗೆ ಒಂದು ರಾತ್ರಿಯಾದರೂ ಸಿಗುತ್ತಿತ್ತು. ಈಗ ಇಂಟರ್‌ವಲ್‌ನಲ್ಲೇ ತೀರ್ಪು ಬಂದಿರುತ್ತದೆ. ಹೊರಗೆ ಬಂದವರ ಬಾಯಿಗೆ ಮೈಕ್ ಹಿಡಿಯುತ್ತಾರೆ. ಇದರಿಂದ ನಿರ್ಮಾಪಕರಿಗೆ ಆಗುವ ನೋವು ನನಗೆ ಅರ್ಥ ಆಗುತ್ತದೆ. ದ್ವೇಷಕ್ಕೆ, ದುಡ್ಡಿಗೆ ಕೆಟ್ಟದಾಗಿ ಬರೆದರೆ ವರ್ಷಗಟ್ಟಲೆಯ ದುಡಿಮೆ ಒಂದು ಮಧ್ಯಾಹ್ನದಲ್ಲಿ ಮುಳುಗುತ್ತದೆ. ಅದಕ್ಕೇ ವಿಷಯ ಕೋರ್ಟಿಗೂ ಹೋಗಿದೆ. ಕೇರಳದಲ್ಲಿ ಹೈಕೋರ್ಟಿಗೆ ನೆರವಾಗಲು ನೇಮಕವಾಗಿದ್ದ ವಕೀಲರು 2024ರ ಮಾರ್ಚ್‌ನಲ್ಲಿ, ಸಿನಿಮಾ ಬಿಡುಗಡೆಯಾದ ಮೇಲೆ 48 ಗಂಟೆ ವ್ಲಾಗರ್‌ಗಳು, ಅಂದರೆ ವಿಡಿಯೋ ಮಾಡಿ ಹಾಕುವವರು, ವಿಮರ್ಶೆ ಮಾಡದೆ ಇರಲಿ ಅಂತ ಸಲಹೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಧ್ರುವ ಸರ್ಜಾ ಅವರ 'ಮಾರ್ಟಿನ್' ಸಿನಿಮಾ ಬಂದಾಗ ಬೆಂಗಳೂರಿನ ಒಂದು ಕೋರ್ಟ್ ನೆಗೆಟಿವ್ ವಿಮರ್ಶೆಗಳಿಗೆ ತಾತ್ಕಾಲಿಕ ತಡೆ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ವಿಮರ್ಶೆಯೇ ಬೇಡ ಅಂತ ಮದ್ರಾಸ್ ಹೈಕೋರ್ಟಿಗೆ ಹೋದರು. ಕೋರ್ಟ್ ಅಂಥ ಮಧ್ಯಂತರ ಆದೇಶ ಕೊಡಲಿಲ್ಲ.

ಕೊಡದೆ ಇದ್ದದ್ದೇ ಒಳ್ಳೆಯದು ಅಂತ ನಾನು ನಂಬುತ್ತೇನೆ. ಸುಳ್ಳು ಬರೆದವರನ್ನು ಹಿಡಿಯಬೇಕು, ಬೇಡ ಅನ್ನೋದಿಲ್ಲ. ಆದರೆ ಎಲ್ಲರ ಬಾಯಿಗೂ ಮೂರು ದಿನ ಬೀಗ ಹಾಕಿದರೆ ಮೊದಲು ಸಾಯುವುದು ಸಣ್ಣ ಸಿನಿಮಾ. ಸ್ಟಾರ್ ಸಿನಿಮಾಗೆ ಕಟೌಟ್ ಇದೆ, ಹಾಲಿನ ಅಭಿಷೇಕ ಇದೆ. ಸಣ್ಣ ಸಿನಿಮಾಗೆ ಇರುವುದು ಮೊದಲ ದಿನ ಯಾರೋ ನೋಡಿ ಬರೆದ ನಾಲ್ಕು ಒಳ್ಳೆ ಮಾತು.

'ಶಾಖಾಹಾರಿ' ನೆನಪಿದೆಯಾ? 2024ರ ಫೆಬ್ರವರಿಯಲ್ಲಿ ಬಂತು. ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಊರು, ಒಂದು ಸಣ್ಣ ಸಸ್ಯಾಹಾರಿ ಹೋಟೆಲ್, ಅಡುಗೆ ಮಾಡುವ ರಂಗಾಯಣ ರಘು. ಆ ಅಡುಗೆಮನೆಯೊಳಗೆ ಒಂದು ಅಪರಾಧ ಬಂದು ಕೂರುತ್ತದೆ. ವಿಮರ್ಶಕರು ಚೆನ್ನಾಗಿ ಬರೆದರು. ತಮಾಷೆ ಪಾತ್ರಗಳಲ್ಲೇ ನೋಡಿದ ನಟ ಇಲ್ಲಿ ಎಷ್ಟು ತಣ್ಣಗೆ ನಡುಗಿಸುತ್ತಾರೆ ಅಂತ ಬಿಡಿಸಿ ಹೇಳಿದರು. ಆದರೆ ನಾನು ಹೋದ ಷೋನಲ್ಲಿ ಇದ್ದವರು ಹದಿನಾಲ್ಕು ಜನ. ಬೆರಳು ಮಡಚಿ ಎಣಿಸಿದ್ದೆ. ಆಮೇಲೆ ಒಟಿಟಿಯಲ್ಲಿ ನೋಡಿದ ಗೆಳೆಯರು ಒಬ್ಬೊಬ್ಬರೇ ಫೋನ್ ಮಾಡಿ, "ಇಂಥ ಸಿನಿಮಾ ಬಂದಿದ್ದು ಯಾಕೋ ಗೊತ್ತೇ ಆಗಲಿಲ್ಲ" ಅಂದರು. ವಿಮರ್ಶಕರು ಹೇಳಿದ್ದರು. ನಾವು ಯಾರೂ ಕೇಳಿಸಿಕೊಂಡಿರಲಿಲ್ಲ.

[ತೆರೆಯ ಮೇಲೆ: ಕರಾವಳಿಯ ಹಂಚಿನ ಮನೆ, ಇರುಳು]

ಕೇಳಿಸಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ 'ಸು ಫ್ರಮ್ ಸೋ' ಅನ್ನೋ ದೆವ್ವದ ಕಾಮಿಡಿ ಇದೆ. 2025ರ ಜುಲೈ 25. ಜೆ.ಪಿ. ತುಮಿನಾಡ್ ಅವರ ನಿರ್ದೇಶನ, ಮುಖ್ಯ ಪಾತ್ರವೂ ಅವರದೇ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ದೊಡ್ಡ ಸ್ಟಾರ್ ಇಲ್ಲ, ಪ್ರಚಾರದ ಅಬ್ಬರ ಇಲ್ಲ. ಬಿಡುಗಡೆಗೆ ಮುಂಚೆ ಪೇಯ್ಡ್ ಪ್ರೀಮಿಯರ್, ಅಂದರೆ ಟಿಕೆಟ್ ಇಟ್ಟ ವಿಶೇಷ ಷೋ ಮಾಡಿ ಜನರಿಗೇ ತೋರಿಸಿದರು. ಒಳ್ಳೆ ಮಾತು ಹಬ್ಬಿತು, ವಿಮರ್ಶೆಗಳೂ ಅದೇ ಹೇಳಿದವು, ವಾರಾಂತ್ಯದೊಳಗೆ ಷೋಗಳು ಏರಿದವು. ಕೊನೆಗೆ ಗಳಿಕೆ ನೂರು ಕೋಟಿ ದಾಟಿತು.

ಕಾಮಿಡಿಗೆ ವಿಮರ್ಶೆ ಬರೆಯೋದು ಎಲ್ಲಕ್ಕಿಂತ ಕಷ್ಟ ಅಂತ ನನಗನ್ನಿಸುತ್ತದೆ. ಖಾಲಿ ಹಾಲಿನಲ್ಲಿ ಕೂತು ನೋಡಿದ ನಗೆಯೇ ಬೇರೆ, ಇಡೀ ಥಿಯೇಟರ್ ಜೊತೆ ನಕ್ಕಿದ್ದೇ ಬೇರೆ. ಆ ಸಿನಿಮಾದ ಬಗ್ಗೆ ಚೆನ್ನಾಗಿ ಬರೆದವರು ನಗೆ ಎಲ್ಲಿಂದ ಬರುತ್ತದೆ ಅಂತ ಹೇಳಿದರು. ಜೋಕಿನಿಂದಲ್ಲ, ಊರಿನಿಂದ. ತಪ್ಪು ಮಾಡಿ ಸಿಕ್ಕಿಬಿದ್ದ ಅಶೋಕ ದೆವ್ವ ಹಿಡಿದವನ ಹಾಗೆ ಆಡುತ್ತಾನೆ, ಊರಿಗೆ ಊರೇ ಅದನ್ನು ನಂಬಿಬಿಡುತ್ತದೆ. ಸೋಮೇಶ್ವರದ ಸುಲೋಚನ ಬಂದಿದ್ದಾಳೆ ಅಂತ. ಶನೀಲ್ ಗೌತಮ್ ಮಾಡಿದ ರವಿಯಣ್ಣನಂಥವರು ನಮ್ಮೆಲ್ಲರ ಊರಲ್ಲೂ ಒಬ್ಬರು ಇರುತ್ತಾರೆ, ಅಲ್ವಾ?

ಕೆಲವು ವಿಮರ್ಶೆಗಳಲ್ಲಿ ಒಂದು ಕೊರತೆಯನ್ನೂ ಹೇಳಿದ್ದರು. ಎರಡನೇ ಅರ್ಧದಲ್ಲಿ ನಗು ಕಡಿಮೆಯಾಗುತ್ತದೆ, ಸಿನಿಮಾ ಗಂಭೀರ ಆಗುತ್ತದೆ, ಒಂದು ಹೆಣ್ಣಿನ ಕಷ್ಟದ ಕಡೆ ತಿರುಗುತ್ತದೆ ಅಂತ. ನಾನು ಅದನ್ನು ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕೇಳಿದ್ದು ಎರಡೇ ಪ್ರಶ್ನೆ. "ರಕ್ತ ಇದೆಯೇನೋ?" ಇಲ್ಲಮ್ಮ ಅಂದೆ. "ಆ ಹೆಣ್ಣಿನ ಕಥೆ ಚೆನ್ನಾಗಿ ಮುಗಿಯುತ್ತಾ?" ಅದನ್ನು ವಿಮರ್ಶಕರು ಬಿಟ್ಟುಕೊಟ್ಟಿಲ್ಲ, ನೋಡಿಯೇ ತಿಳಿಯಬೇಕು ಅಂದೆ. ಹಾಗಾದರೆ ಬುಕ್ ಮಾಡು ಅಂದರು. ವಿಮರ್ಶಕರು ಕೊರತೆ ಅಂತ ಬರೆದದ್ದಕ್ಕೇ ಅವರು ಹೊರಟರು.

ಮೊದಲರ್ಧ ಪೂರ್ತಿ ಅಪ್ಪ ಸೀಟಿನ ಕೈ ತಟ್ಟಿಕೊಂಡು ನಕ್ಕರು. ಎರಡನೇ ಅರ್ಧದಲ್ಲಿ ಅಮ್ಮ ಮತ್ತೆ ಸೆರಗು ತೆಗೆದರು. ಈ ಸಲ ಕಣ್ಣು ಒರೆಸಿಕೊಳ್ಳಲು. ಹೊರಗೆ ಮಳೆ ಬರುತ್ತಿತ್ತು. ಆಟೋದಲ್ಲಿ ಮನೆ ತಲುಪುವವರೆಗೂ ಇಬ್ಬರೂ ಆ ಊರಿನವರ ಬಗ್ಗೆಯೇ ಮಾತಾಡುತ್ತಿದ್ದರು. ಇಳಿಯುವಾಗ ಅಮ್ಮ ಕೇಳಿದರು: "ಆ ಹುಡುಗಿ ಇನ್ನು ಮುಂದೆ ನೆಮ್ಮದಿಯಾಗಿ ಇರ್ತಾಳೆ, ಅಲ್ವಾ?"