ಒಂದೇ ತರಗತಿಯಲ್ಲಿ ಎಲ್ಲರ ಮಕ್ಕಳು

ಕೇಳುಗರಿಗೆ ನಮಸ್ಕಾರ. ಸರ್ಕಾರಿ ಶಾಲೆಯೆಂದ ಕೂಡಲೇ ಕಟ್ಟಡ, ಶೌಚಾಲಯ, ಶಿಕ್ಷಕರ ಕೊರತೆಯ ಮಾತು ಬರುತ್ತದೆ. ನಾನು ಹೇಳುವುದು ಒಂದೇ: ಅನುಕೂಲಸ್ಥರ ಮಕ್ಕಳೂ ಕೂಲಿಕಾರರ ಮಕ್ಕಳೂ ಒಂದೇ ತರಗತಿಯಲ್ಲಿ ಕೂರದ ಹೊರತು ಆ ಕೊರತೆಗಳು ನೀಗುವುದಿಲ್ಲ.

ಹೊಸನಗರ ತಾಲ್ಲೂಕಿನ ಒಂದು ಊರಿನಲ್ಲಿ ಶಾಲೆಗೆ ಹೋಗಲು ಹಳ್ಳ ದಾಟಬೇಕು; ಅಡಿಕೆ ಮರಗಳನ್ನು ಜೋಡಿಸಿದ ಕಾಲುಸಂಕವೇ ದಾರಿ. ದೊಡ್ಡ ತೋಟದ ಮನೆಯ ಮಕ್ಕಳೂ ಅದೇ ಸಂಕ ದಾಟುತ್ತಿದ್ದ ಕಾಲದಲ್ಲಿ, ಮಳೆ ಹಿಡಿಯುವ ಮೊದಲೇ ಆ ಮನೆಯ ಯಜಮಾನರು ಮರ ಕೊಟ್ಟು, ಆಳುಗಳನ್ನು ಕಳುಹಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿಸಿ, ತಾವೇ ಒಮ್ಮೆ ನಡೆದು ನೋಡುತ್ತಿದ್ದರು. ಮೇಷ್ಟರು ಎರಡು ದಿನ ಬರದಿದ್ದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಅವರದೇ ಫೋನು ಹೋಗುತ್ತಿತ್ತು. ಆಮೇಲೆ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ಅವರ ಅಂಗಳಕ್ಕೇ ಬರತೊಡಗಿತು. ಯಜಮಾನರೇನೂ ಕೆಟ್ಟವರಾಗಲಿಲ್ಲ, ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಗೆ ಸಿಹಿ ಕಳುಹಿಸುವುದನ್ನು ಇಂದಿಗೂ ತಪ್ಪಿಸಿಲ್ಲ. ಸಂಕವನ್ನು ನೆನೆಯಲು ಅವರಿಗೆ ಕಾರಣ ಉಳಿಯಲಿಲ್ಲ, ಅಷ್ಟೇ. ಆ ವರ್ಷ ಆಷಾಢ ಕಳೆದರೂ ಹೊಸ ಸಂಕ ಹಾಕಿರಲಿಲ್ಲ. ಕೂಲಿಯವರ ಮಕ್ಕಳು ಹಳ್ಳದ ನೀರು ಇಳಿಯುವವರೆಗೆ ಮನೆಯಲ್ಲೇ ಉಳಿದರು. ಅವರ ತಂದೆತಾಯಿಯರೂ ಶಾಲೆಯ ಉಸ್ತುವಾರಿ ನೋಡುವ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ. ಆದರೆ ಸಭೆಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ, ಅವರ ಅರ್ಜಿಗೆ ಸಿಗುವ ಮರ್ಯಾದೆ ಎಷ್ಟೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಕದ ಮಾತೇ ಉದ್ದವಾಯಿತು. ಮಗುವಿನ ಕಲಿಕೆಗೆ ಶಾಲೆಯ ಸಲಕರಣೆಗಿಂತ ಸಹಪಾಠಿಗಳ ಹಿನ್ನೆಲೆ ಮುಖ್ಯವೆಂದು ಅಮೆರಿಕದ ಶಾಲೆಗಳ ಬಗ್ಗೆ ಅಲ್ಲಿನ ಸರ್ಕಾರ ಮಾಡಿಸಿದ ಕೋಲ್ಮನ್ ವರದಿ 1966ರಲ್ಲೇ ತೋರಿಸಿತು. ಅದೇ ವರ್ಷ ನಮ್ಮ ದೇಶದ ಶಿಕ್ಷಣದ ಬಗ್ಗೆ ನೇಮಿಸಿದ ಕೊಠಾರಿ ಆಯೋಗವೂ ಎಲ್ಲರಿಗೂ ನೆರೆಹೊರೆಯ ಸಾಮಾನ್ಯ ಶಾಲೆಯೇ ಇರಬೇಕೆಂದಿತು. ಬಡವರ ಮಕ್ಕಳ ಜೊತೆ ಕೂತರೆ ನಮ್ಮವರು ಹಿಂದುಳಿಯುತ್ತಾರೆ ಎಂಬ ಅಂಜಿಕೆಯನ್ನು ದಯವಿಟ್ಟು ಬಿಡಿ. ದೆಹಲಿಯ ಖಾಸಗಿ ಶಾಲೆಗಳಲ್ಲಿ ಹಾಗೆ ಕೂತ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾದರು, ಭೇದಭಾವ ಕಡಿಮೆಯಾಯಿತು, ಗಣಿತದ ಅಂಕವೇನೂ ಕುಸಿಯಲಿಲ್ಲ ಎಂದು ಅಧ್ಯಯನವೇ ಹೇಳುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇಕಡಾ 25ರಷ್ಟು ಸೀಟು ಇಟ್ಟಿತು. ಕರ್ನಾಟಕದಲ್ಲಿ 2019ರಿಂದ, ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲ. ಹಾಗಾದರೆ ಬೆರೆಯಬೇಕಾದದ್ದು ಸರ್ಕಾರಿ ಶಾಲೆಯಲ್ಲೇ; ಬರಬೇಕಾದವರು ಅನುಕೂಲಸ್ಥರು.

ಒಬ್ಬರೇ ಸೇರಿಸಲು ಹಿಂಜರಿಕೆಯಾದರೆ ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು ಒಟ್ಟಿಗೇ ಸೇರಿಸಿ. ಜೂನ್ ದಾಖಲಾತಿಗೆ ಮೊದಲು, ವ್ಯಾನಿನವರಿಗೆ ಮುಂಗಡ ಕೊಡುವ ಮುನ್ನ, ಊರಿನ ಮುಖ್ಯೋಪಾಧ್ಯಾಯರನ್ನು ಒಮ್ಮೆ ಕಂಡು ಬನ್ನಿ.